ನಿಮ್ಮೂರ ಕೆರೆಯ ಬೆಲೆ ಎಷ್ಟು ಇಳಿದಿದೆ? ನೀವೇ ಲೆಕ್ಕ ಹಾಕಿ

"ಕೆರೆಯ ಮೇಲ್ಗಡೆ ಲೇಔಟ್ ಬರ್ತಿದೆ, ಗ್ರಾಮಸಭೆಯಲ್ಲಿ ಎದ್ದು ನಿಂತು ಏನು ಹೇಳಬೇಕು?" "ಈ ಕೆರೆಯಿಂದ ಈಗ ಏನು ಉಪಯೋಗ ಇದೆ ಅಂತ ಕೇಳ್ತಾರೆ, ಏನು ಉತ್ತರ ಕೊಡೋದು?" ಈ ಎರಡು ಪ್ರಶ್ನೆ ಬೇರೆ ಬೇರೆ ಊರುಗಳಿಂದ ಮತ್ತೆ ಮತ್ತೆ ಬರುತ್ತಿವೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಬರೆಯುವ ಬದಲು ಪೂರ್ತಿ ಇಲ್ಲೇ ಬರೆದಿದ್ದೇನೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಬೆಂಗಳೂರು ಗ್ರಾಮಾಂತರದ ಕಡೆ ಮಳೆ ನೀರನ್ನೇ ನಂಬಿದ ಕೆರೆಗಳಿವೆಯಲ್ಲ, ಇದು ಅವುಗಳ ಲೆಕ್ಕ. ಮಲೆನಾಡಿನವರು ಸೊಪ್ಪಿನ ಬೆಟ್ಟಕ್ಕೂ (ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡಿಗೂ) ಇದೇ ದಾರಿ ಹಿಡಿಯಬಹುದು, ಪಟ್ಟಿ ಮಾತ್ರ ಬೇರೆ ಆಗುತ್ತದೆ.

ಮೊದಲೇ ಒಂದು ಮಾತು. "ಕೆರೆಯ ಬೆಲೆ ಎಷ್ಟು" ಎಂಬ ಪ್ರಶ್ನೆ ಹಿಡಿದು ಹೊರಡಬೇಡಿ. ಹಾಗೆ ಹೊರಟವರು ಕೊನೆಗೆ ಸೈಟಿನ ರೇಟಿಗೇ ಬಂದು ನಿಲ್ಲುತ್ತಾರೆ, ಚದರ ಅಡಿಗೆ ಇಷ್ಟು, 40 ಎಕರೆಗೆ ಇಷ್ಟು ಅಂತ. ಆ ಲೆಕ್ಕದಲ್ಲಿ ಕೆರೆ ಯಾವತ್ತೂ ಸೋಲುತ್ತದೆ. ಸುತ್ತಲಿನ ನೆಲ ಬದಲಾದ ಮೇಲೆ ಕೆರೆ ಕೊಡುತ್ತಿದ್ದುದರಲ್ಲಿ ಎಷ್ಟು ಕಡಿಮೆ ಆಯಿತು, ಆ ಕೊರತೆ ತುಂಬಿಕೊಳ್ಳಲು ಊರು ಈಗ ಕೈಯಿಂದ ಎಷ್ಟು ಖರ್ಚು ಮಾಡುತ್ತಿದೆ, ಅದನ್ನು ಕೇಳಿ. ನಮಗೆ ಬೇಕಿರುವುದು ಅಂದಿಗೂ ಇಂದಿಗೂ ಇರುವ ವ್ಯತ್ಯಾಸ.

ಈ ವ್ಯತ್ಯಾಸ ಎಷ್ಟು ದೊಡ್ಡದಾಗಬಹುದು ಗೊತ್ತಾ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಬೆಂಗಳೂರಿನ ಕೆರೆಗಳಿಗೆ ಇಂಥ ಲೆಕ್ಕ ಹಾಕಿದ್ದರು. ಸುಮಾರಾಗಿ ಚೆನ್ನಾಗಿದ್ದ ಕೆರೆ ದಿನಕ್ಕೆ ಹೆಕ್ಟೇರಿಗೆ 10,435 ರೂಪಾಯಿಯಷ್ಟು ಕೊಡುತ್ತಿತ್ತು. ಕೊಳಕು ಸೇರಿದ ಇನ್ನೊಂದು ಕೆರೆ ಕೊಡುತ್ತಿದ್ದದ್ದು 20 ರೂಪಾಯಿ. ಚರಂಡಿ ನೀರು ತುಂಬಿದ ವರ್ತೂರು ಕೆರೆ 118.9 ರೂಪಾಯಿ. ಮೂರೂ ನಕ್ಷೆಯಲ್ಲಿ ಕೆರೆಗಳೇ. ಯಾರೂ ಒತ್ತುವರಿ ಮಾಡದೆ, ಒಂದು ಗುಂಟೆ ಕೂಡ ಕಳೆದುಕೊಳ್ಳದೆ ಕೆರೆಯೊಂದು ಬಡವಾಗಬಹುದು. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಮುಖ್ಯವಾಗಿ ಇದನ್ನೇ.

ಏನೇನು ಬೇಕು

ದೊಡ್ಡದೇನೂ ಬೇಡ. ಊರಿನ ಗ್ರಾಮ ನಕ್ಷೆ, ಕೆರೆಯ ಸರ್ವೆ ನಂಬರಿನ ಪಹಣಿ, ಫೋನಿನಲ್ಲಿ ದಿಶಾಂಕ್ ಆ್ಯಪ್ (ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ), ಯಾರದಾದರೂ ಕಂಪ್ಯೂಟರಿನಲ್ಲಿ ಗೂಗಲ್ ಅರ್ಥ್ ಪ್ರೊ (ಹಳೆಯ ವರ್ಷಗಳ ಉಪಗ್ರಹ ಚಿತ್ರಗಳನ್ನು ಪುಕ್ಕಟೆ ತೋರಿಸುತ್ತದೆ), ಒಂದು ರೂಲ್ ನೋಟ್‌ಬುಕ್, ತುದಿಗೆ ಕಲ್ಲು ಕಟ್ಟಿ ಅರ್ಧ ಮೀಟರಿಗೊಂದು ಗಂಟು ಹಾಕಿದ ಹಗ್ಗ. ಜೊತೆಗೆ ನಾಲ್ಕೈದು ಜನ. ಅವರಲ್ಲಿ ನೀರುಗಂಟಿಯ ಮನೆಯವರೊಬ್ಬರು, ಕುರಿ ಮೇಯಿಸುವವರೊಬ್ಬರು, ಕೆರೆಯಲ್ಲಿ ಬಟ್ಟೆ ಒಗೆದ ನೆನಪಿರುವ ಅಜ್ಜಿಯೊಬ್ಬರು ಇರಲೇಬೇಕು. ನೀರುಗಂಟಿ ಎಂದರೆ ತೂಬು ಎತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುತ್ತಿದ್ದವರು. ಕೆರೆಯ ಹಳೆಯ ಲೆಕ್ಕ ಯಾವ ಕಚೇರಿಗಿಂತಲೂ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಹಂತ 1: ಎರಡು ವರ್ಷಗಳನ್ನು ಆರಿಸಿಕೊಳ್ಳಿ

ಒಂದು ಹಿಂದಿನದು, ಒಂದು ಈಚಿನದು. ನಡುವೆ 15-20 ವರ್ಷ ಇದ್ದರೆ ಒಳ್ಳೆಯದು. ಬಹಳ ಜನ ಎಡವುವುದೇ ಇಲ್ಲಿ. ಒಳ್ಳೆ ಮಳೆಯ ವರ್ಷವನ್ನು ಬರದ ವರ್ಷದ ಜೊತೆ ಹೋಲಿಸಿ "ಕೆರೆ ಸತ್ತೋಯ್ತು" ಅಂತ ಬರೆದುಬಿಡುತ್ತಾರೆ. 2022ರಲ್ಲಿ ನಮ್ಮ ಕಡೆ ಭಾರಿ ಮಳೆ, ಎಷ್ಟೋ ಕೆರೆಗಳು ಕೋಡಿ ಹರಿದವು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. ಈ ಎರಡು ವರ್ಷ ಹೋಲಿಸಿದರೆ ಸಿಗುವುದು ಮಳೆಯ ವ್ಯತ್ಯಾಸ, ನೆಲದ ಬಳಕೆಯದ್ದಲ್ಲ. ಮಳೆ ಹೆಚ್ಚುಕಡಿಮೆ ಒಂದೇ ಇರುವ ಎರಡು ವರ್ಷ ಹುಡುಕಿ. ಹೋಬಳಿ ಮಟ್ಟದ ಮಳೆ ಅಂಕಿ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿ ಸಿಗುತ್ತದೆ.

ಹಂತ 2: ಗಡಿ ಎಳೆಯಿರಿ, ಕೆರೆಗಲ್ಲ, ಜಲಾನಯನಕ್ಕೆ

ಜಲಾನಯನ ಎಂದರೆ ಎಲ್ಲೆಲ್ಲಿ ಬಿದ್ದ ಮಳೆ ಹರಿದು ನಿಮ್ಮ ಕೆರೆಗೆ ಬರುತ್ತದೋ ಅಷ್ಟೂ ನೆಲ. ಕೆರೆ ಅಂಗಳ 40 ಎಕರೆ ಇದ್ದರೆ ಅದಕ್ಕೆ ನೀರು ಕೊಡುವ ನೆಲ ಅದರ ಹತ್ತಾರು ಪಟ್ಟು ಇರಬಹುದು. ಗ್ರಾಮ ನಕ್ಷೆಯಲ್ಲಿ ರಾಜಕಾಲುವೆ, ಹಳ್ಳ, ಪೋಷಕ ಕಾಲುವೆಗಳನ್ನು ನೀಲಿ ಪೆನ್ನಿನಲ್ಲಿ ತಿದ್ದಿ, ಆಮೇಲೆ ಅವುಗಳ ಜಾಡು ಹಿಡಿದು ಮೇಲಕ್ಕೆ ನಡೆಯಿರಿ. ನಡೆದೇ ನೋಡಬೇಕು. ನಕ್ಷೆಯಲ್ಲಿ ಕಾಲುವೆ ಇರುತ್ತದೆ, ಸ್ಥಳದಲ್ಲಿ ಕಾಂಪೌಂಡ್ ಇರುತ್ತದೆ.

ನಿಮ್ಮ ಕೆರೆಗಿಂತ ಮೇಲೆ ಇನ್ನೊಂದು ಕೆರೆ ಇದ್ದರೆ ಅದರ ಕೋಡಿ ನಿಮ್ಮ ಕೆರೆಗೆ ಬರುತ್ತದೆ. ನಮ್ಮ ಹಿರಿಯರು ಕೆರೆಗಳನ್ನು ಸರಪಳಿಯ ಹಾಗೆ ಕಟ್ಟಿದ್ದರು. ಹಾಗಾಗಿ ಮೇಲಿನ ಊರಿನ ಬದಲಾವಣೆಯನ್ನೂ ಬರೆದುಕೊಳ್ಳಿ, "ಅದು ನಮ್ಮ ಪಂಚಾಯಿತಿ ಅಲ್ಲ" ಅಂತ ಬಿಡಬೇಡಿ.

ಹಂತ 3: ನೆಲ ಏನಾಗಿತ್ತು, ಏನಾಯಿತು

ಹಿಂದಿನ ವರ್ಷದ ಉಪಗ್ರಹ ಚಿತ್ರ ತೆರೆದು ಜಲಾನಯನದ ಒಳಗೆ ಹೊಲ, ತೋಟ, ಗೋಮಾಳ, ಗುಂಡುತೋಪು, ನೀಲಗಿರಿ, ಮನೆ, ರಸ್ತೆ, ಕಲ್ಲು ಕ್ವಾರಿ ಎಷ್ಟೆಷ್ಟು ಎಕರೆ ಅಂತ ಅಳೆಯಿರಿ. ಈಚಿನ ಚಿತ್ರಕ್ಕೂ ಅದೇ ಮಾಡಿ. 40 ಗುಂಟೆಗೆ ಒಂದು ಎಕರೆ, ಸುಮಾರು ಎರಡೂವರೆ ಎಕರೆಗೆ ಒಂದು ಹೆಕ್ಟೇರ್. ಎಲ್ಲವನ್ನೂ ಹೆಕ್ಟೇರಿಗೆ ತಂದುಕೊಂಡರೆ ಮುಂದೆ ನೀರಿನ ಲೆಕ್ಕ ಸಲೀಸು.

ಈಗ ಒಂದೊಂದು ಬದಲಾವಣೆ ಕೆರೆಗೆ ಏನು ಮಾಡಿತು ಅಂತ ಪಕ್ಕದಲ್ಲಿ ಬರೆಯಿರಿ. ಇಲ್ಲಿ ಸ್ವಲ್ಪ ನಿಧಾನವಾಗಿ ಯೋಚಿಸಬೇಕು, ಯಾಕೆಂದರೆ ಎಲ್ಲ ಬದಲಾವಣೆಯೂ ಒಂದೇ ದಿಕ್ಕಿಗೆ ಎಳೆಯುವುದಿಲ್ಲ.

ಗೋಮಾಳ ಅಥವಾ ರಾಗಿ ಹೊಲ ನೀಲಗಿರಿ ತೋಪಾದರೆ ಕೆರೆಗೆ ಬರುವ ನೀರು ಕಡಿಮೆಯಾಗುತ್ತದೆ. ನೀಲಗಿರಿಯ ಬೇರು ಆಳದ ತೇವವನ್ನೂ ಎಳೆಯುತ್ತದೆ, ವರ್ಷವಿಡೀ ಹಸಿರಾಗಿರುತ್ತದೆ, ಮಳೆ ಬಿದ್ದರೆ ಮೊದಲು ಆ ಬಾಯಾರಿದ ಮಣ್ಣು ಕುಡಿಯಬೇಕು. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ಕೋಲಾರ, ಬೆಂಗಳೂರು ಸುತ್ತಮುತ್ತ ಇದನ್ನು ಬೇಕಾದಷ್ಟು ನೆಟ್ಟರು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿತು. ನಿಮ್ಮೂರಲ್ಲಿ ನೀಲಗಿರಿ ತೆಗೆದು ಮತ್ತೆ ರಾಗಿ ಮಾಡಿದ್ದರೆ ಅದು ಕೆರೆಯ ಪರವಾದ ಬದಲಾವಣೆ, ಅದನ್ನೂ ಬರೆಯಲೇಬೇಕು.

ಹೊಲ ಲೇಔಟ್ ಆದರೆ? ಇಲ್ಲಿ ಜನ ತಪ್ಪು ತಿಳಿಯುತ್ತಾರೆ. ಲೇಔಟ್ ಬಂದರೆ ಕೆರೆಗೆ ನೀರು ಜಾಸ್ತಿಯೇ ಬರಬಹುದು. ಲೆಕ್ಕ ನೋಡಿ. ಒಂದು ಹೆಕ್ಟೇರಿನ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 10,000 ಲೀಟರ್. ವರ್ಷಕ್ಕೆ 700 ಮಿ.ಮೀ. ಮಳೆ ಬೀಳುವ ಕಡೆ 100 ಹೆಕ್ಟೇರ್ ಜಲಾನಯನಕ್ಕೆ 70 ಕೋಟಿ ಲೀಟರ್. ಅದರಲ್ಲಿ ಹೊಲ-ಗೋಮಾಳದಿಂದ ನೂರಕ್ಕೆ ಹತ್ತು ಭಾಗ ಹರಿದು ಬಂತು ಅಂತ ಇಟ್ಟುಕೊಳ್ಳಿ, 7 ಕೋಟಿ ಲೀಟರ್. ಡಾಂಬರು, ಕಾಂಕ್ರೀಟು, ತಾರಸಿ ಆದಾಗ ಮಣ್ಣಿಗೆ ಇಳಿಯುವ ಪಾಲು ಕಡಿಮೆಯಾಗಿ ಹರಿಯುವ ಪಾಲು ಎಷ್ಟೋ ಪಟ್ಟು ಏರುತ್ತದೆ. ಕೆರೆ ತುಂಬುತ್ತದೆ, ಬೇಸಿಗೆಯಲ್ಲೂ ತುಂಬಿಯೇ ಇರುತ್ತದೆ, ಏಕೆಂದರೆ ಶೌಚದ ನೀರು, ಬಟ್ಟೆ ಒಗೆದ ನೀರು ದಿನವೂ ಬರುತ್ತದೆ. ನೋಡಿದವರು "ಕೆರೆ ಚೆನ್ನಾಗಿದೆಯಲ್ಲ" ಅಂತಾರೆ. ಆದರೆ ಆ ನೀರಲ್ಲಿ ಅಂತರಗಂಗೆ ಹಬ್ಬುತ್ತದೆ, ಕೊಳೆತದ್ದು ತಳದಲ್ಲಿ ಕೂತು ಆಮ್ಲಜನಕ ತಿನ್ನುತ್ತದೆ, ಒಂದು ಬೆಳಗ್ಗೆ ಮೀನೆಲ್ಲ ಸತ್ತು ತೇಲುತ್ತವೆ. ಬೆಳ್ಳಂದೂರು ಕೆರೆಯಲ್ಲಿ ನೊರೆ ಎದ್ದು ರಸ್ತೆಗೆ ಹಾರಿದ್ದು, 2018ರ ಜನವರಿಯಲ್ಲಿ ಬೆಂಕಿ ಹತ್ತಿದ್ದು ನೆನಪಿದೆ ಅಲ್ವಾ? ಆ ಕೆರೆಯಲ್ಲಿ ನೀರಿಗೇನೂ ಬರ ಇರಲಿಲ್ಲ. ತುಂಬಿದ ಕೆರೆಯನ್ನು ನೋಡಿ ಬೆಲೆ ಉಳಿದಿದೆ ಅಂದುಕೊಳ್ಳಬೇಡಿ.

ಕೋಲಾರದವರು ಇನ್ನೊಂದು ಸಾಲು ಸೇರಿಸಬೇಕು. 2018ರಿಂದ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಚರಂಡಿ ನೀರು ನಿಮ್ಮ ಕೆರೆಗಳಿಗೆ ಬರುತ್ತಿದೆ. ಬಾವಿ-ಬೋರುಗಳಿಗೆ ಇದರಿಂದ ಲಾಭ ಬಂದಿದ್ದರೆ ಲಾಭದ ಕಡೆ ಬರೆಯಿರಿ. ಜನ-ದನ ಕುಡಿಯುತ್ತಿದ್ದ ಉಪಯೋಗ ನಿಂತಿದ್ದರೆ ಅದು ನಷ್ಟದ ಕಡೆ. ಎರಡನ್ನೂ ಒಂದೇ ಸಾಲಲ್ಲಿ ಕಲಸಬೇಡಿ.

ಹಂತ 4: ಕೆರೆ ಏನೇನು ಕೊಡುತ್ತಿತ್ತು, ಯಾರಿಗೆ

ಪರಿಸರ ಸೇವೆ ಅಂತ ಒಂದು ಮಾತು ಇದೆ. ಕೆರೆ, ಕಾಡು, ಹುಲ್ಲುಗಾವಲು ನಮಗೆ ಮಾಡಿಕೊಡುವ ಕೆಲಸ ಅಂತ ಅದರ ಅರ್ಥ. 2005ರಲ್ಲಿ ವಿಶ್ವಸಂಸ್ಥೆ ಮಾಡಿಸಿದ ದೊಡ್ಡ ಸಮೀಕ್ಷೆ ಇದನ್ನು ನಾಲ್ಕು ಗುಂಪು ಮಾಡಿತು. ಕೈಗೆ ಸಿಗುವ ವಸ್ತು, ಹದದಲ್ಲಿಡುವ ಕೆಲಸ, ಮನಸ್ಸಿಗೆ-ಆಚರಣೆಗೆ ಸೇರಿದ್ದು, ಇವೆಲ್ಲಕ್ಕೂ ತಳಪಾಯವಾದದ್ದು. ನೀವು ಗುಂಪಿನ ಹೆಸರು ನೆನಪಿಡಬೇಕಿಲ್ಲ, ಪಟ್ಟಿ ಮಾಡಿ ಸಾಕು: ಗದ್ದೆಗೆ ನೀರು, ದನಕರು ಕುಡಿಯುವ ನೀರು, ಮೀನು, ದಂಡೆಯ ಹುಲ್ಲು, ಜೊಂಡು, ಗೋಡು ಮಣ್ಣು, ಬಾವಿಗೆ ಇಂಗುವ ನೀರು, ಜೋರು ಮಳೆಯ ನೀರನ್ನು ತಡೆದು ಕೆಳಗಿನ ಊರು ಉಳಿಸುವುದು, ಹಕ್ಕಿಗಳು, ಗಂಗೆ ಪೂಜೆ, ತೆಪ್ಪೋತ್ಸವ, ಗಣೇಶನನ್ನು ಬಿಡುವುದು. ಪ್ರತಿಯೊಂದರ ಮುಂದೆ ಯಾರಿಗೆ ಅಂತ ಬರೆಯಿರಿ. "ಊರಿಗೆ" ಅಂತ ಬರೆಯಬೇಡಿ. ಮೀನು ಹಿಡಿಯುವ 6 ಮನೆ, ಕುರಿಯ 11 ಮನೆ, ಅಚ್ಚುಕಟ್ಟಿನ 40 ರೈತರು, ಹೀಗೆ. ಅಚ್ಚುಕಟ್ಟು ಎಂದರೆ ಕೆರೆಯ ತೂಬಿನಿಂದ ನೀರು ಹಾಯುವ ಜಮೀನು.

ಹಂತ 5: ಮೊದಲು ಅಳತೆ, ಆಮೇಲೆ ರೂಪಾಯಿ

ಆತುರಪಟ್ಟು ರೂಪಾಯಿಗೆ ಹೋಗಬೇಡಿ. ಲೀಟರ್, ಲೋಡು, ಕೆ.ಜಿ., ಅಡಿ, ದಿನ, ಇವು ಗಟ್ಟಿ ಇದ್ದರೆ ಬೆಲೆಯ ಬಗ್ಗೆ ಯಾರು ತಕರಾರು ತೆಗೆದರೂ ನಿಮ್ಮ ಲೆಕ್ಕ ನಿಲ್ಲುತ್ತದೆ.

ನೀರು ಮತ್ತು ಹೂಳು: 1 ಹೆಕ್ಟೇರ್ ಅಗಲ, 1 ಮೀಟರ್ ಆಳ ಎಂದರೆ 1 ಕೋಟಿ ಲೀಟರ್. 40 ಎಕರೆ, ಅಂದರೆ 16 ಹೆಕ್ಟೇರಿನ ಕೆರೆಯಲ್ಲಿ ಸರಾಸರಿ ಅರ್ಧ ಮೀಟರ್ ಹೂಳು ಕೂತಿದ್ದರೆ 8 ಕೋಟಿ ಲೀಟರ್ ಜಾಗ ಹೋಯಿತು. 10,000 ಲೀಟರಿನ ಟ್ಯಾಂಕರಿನಲ್ಲಿ ಹೇಳಿದರೆ 8,000 ಟ್ಯಾಂಕರ್. ಅದೇ ಹೂಳು ತೆಗೆಸಲು ಹೊರಟರೆ 80,000 ಘನ ಮೀಟರ್, ಟ್ರ್ಯಾಕ್ಟರ್ ಟ್ರೇಲರಿಗೆ 3 ಘನ ಮೀಟರ್ ಹಿಡಿದರೆ 26,000ಕ್ಕೂ ಜಾಸ್ತಿ ಲೋಡು. ಗ್ರಾಮಸಭೆಯಲ್ಲಿ "ಅರ್ಧ ಮೀಟರ್" ಅಂದರೆ ಯಾರಿಗೂ ಏನೂ ಅನ್ನಿಸುವುದಿಲ್ಲ, 26,000 ಲೋಡು ಅಂದರೆ ಎಲ್ಲರೂ ತಿರುಗಿ ನೋಡುತ್ತಾರೆ.

ಆಳ ನೋಡಲು ಬೇಸಿಗೆಯೇ ಒಳ್ಳೆಯ ಕಾಲ. ನೀರಿದ್ದರೆ ತೆಪ್ಪದಲ್ಲಿ ಹೋಗಿ ಹಗ್ಗ ಇಳಿಸಿ, ಹತ್ತಾರು ಕಡೆ ಅಳೆದು ಸರಾಸರಿ ತೆಗೆಯಿರಿ. ದಯವಿಟ್ಟು ಒಬ್ಬರೇ ಇಳಿಯಬೇಡಿ, ಮಕ್ಕಳನ್ನಂತೂ ಕರೆದೊಯ್ಯಲೇಬೇಡಿ. ಮಣ್ಣು ತೆಗೆದ ಗುಂಡಿಗಳು ನೀರಿನಡಿ ಕಾಣುವುದಿಲ್ಲ, ಕೆಸರು ಕಾಲು ಬಿಡುವುದಿಲ್ಲ, ಹೀಗೇ ಪ್ರತಿ ವರ್ಷ ಮಕ್ಕಳು ಜೀವ ಕಳೆದುಕೊಳ್ಳುತ್ತಿದ್ದಾರೆ.

ಬಾವಿ ಮತ್ತು ಬೋರು: ಅಚ್ಚುಕಟ್ಟಿನ ಹತ್ತು ಕಡೆ ಅಂದು ಎಷ್ಟು ಅಡಿಗೆ ನೀರಿತ್ತು, ಇಂದು ಎಷ್ಟು ಅಡಿ ಅಂತ ಕೇಳಿ ಬರೆಯಿರಿ. 1 ಲಕ್ಷ ಲೀಟರ್ ನೀರನ್ನು 100 ಮೀಟರ್ ಮೇಲಕ್ಕೆ ಎತ್ತಲು ಕಡೇಪಕ್ಷ 27 ಯೂನಿಟ್ ಕರೆಂಟ್ ಬೇಕು, ಪಂಪು-ಮೋಟರಿನಲ್ಲಿ ಆಗುವ ನಷ್ಟ ಸೇರಿದರೆ ಅದರ ಎರಡರಷ್ಟು. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಉಚಿತ ಆದ್ದರಿಂದ ರೈತನಿಗೆ ಈ ಖರ್ಚು ಕಾಣುವುದಿಲ್ಲ. ಕಾಣದಿದ್ದರೂ ಸರ್ಕಾರ ಕಟ್ಟುತ್ತಿದೆ, ನಿಮ್ಮ ಲೆಕ್ಕದಲ್ಲಿ ಅದು ಬರಬೇಕು.

ಮೀನಿನ ಹರಾಜಿನ ಹಳೆಯ ದಾಖಲೆ ಪಂಚಾಯಿತಿಯಲ್ಲೋ ಮೀನುಗಾರಿಕೆ ಇಲಾಖೆಯಲ್ಲೋ ಸಿಗುತ್ತದೆ. ಹುಲ್ಲಿಗೆ, ಎಷ್ಟು ಕುರಿ-ದನ ವರ್ಷಕ್ಕೆ ಎಷ್ಟು ತಿಂಗಳು ಮೇಯುತ್ತಿದ್ದವು ಅಂತ ಕೇಳಿದರೆ ಸಾಕು.

ಹಂತ 6: ಬೆಲೆ ಹಾಕುವುದು

ಮೂರು ದಾರಿ ಇವೆ. ಸಂತೆಯಲ್ಲಿ ಮಾರುವ ವಸ್ತುವಾದರೆ ಸಂತೆ ಬೆಲೆ. ಮೀನು, ಹುಲ್ಲು, ಜೊಂಡು ಇದಕ್ಕೆ ಸೇರುತ್ತವೆ. ಖರ್ಚು ಕಳೆದು ಉಳಿದದ್ದನ್ನು ಮಾತ್ರ ಬರೆಯಿರಿ, ಮೀನುಮರಿ ತಂದು ಬಿಟ್ಟ ಖರ್ಚೂ ಖರ್ಚೇ.

ಮಾರದ ವಸ್ತುವಾದರೆ ಬದಲಿ ಖರ್ಚು. ಕೆರೆ ಮಾಡುತ್ತಿದ್ದ ಕೆಲಸಕ್ಕೆ ಈಗ ಊರು ಬೇರೆ ಯಾವುದಕ್ಕೆ ದುಡ್ಡು ಕೊಡುತ್ತಿದೆ? ಕೆರೆಯಡಿಯ ಸಿಹಿನೀರ ಬಾವಿ ಬತ್ತಿ, ಆಳದ ಬೋರಿನಲ್ಲಿ ಫ್ಲೋರೈಡ್ ಬಂದು, ಜನ ಶುದ್ಧ ನೀರಿನ ಘಟಕದಿಂದ ಕ್ಯಾನ್ ಹೊರುತ್ತಿದ್ದಾರೆ ಅಂತ ಇಟ್ಟುಕೊಳ್ಳಿ. ಮನೆಗೆ ದಿನಕ್ಕೆ ಒಂದು ಕ್ಯಾನ್, 5 ರೂಪಾಯಿ, ವರ್ಷಕ್ಕೆ 1,825. 300 ಮನೆಗೆ 5,47,500 ರೂಪಾಯಿ. ಹೊತ್ತು ತರುವ ಹೆಂಗಸರ ಸಮಯ ಇದರಲ್ಲಿ ಸೇರಿಲ್ಲ, ಅದನ್ನು ಗಂಟೆಗಳಲ್ಲಿ ಪಕ್ಕದಲ್ಲಿ ಬರೆಯಿರಿ.

ಮೂರನೆಯದು ತಪ್ಪಿದ ಹಾನಿ. ಕೆರೆ ತಡೆಯದಿದ್ದರೆ ನೀರು ಎಲ್ಲಿಗೆ ನುಗ್ಗುತ್ತಿತ್ತು, ಅಲ್ಲಿ ಏನಿದೆ ಅಂತ ನೋಡುವುದು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಪೂರ್ವ ಭಾಗದಲ್ಲಿ ಕೆರೆಗಳ ಸುತ್ತಲಿನ ಬಡಾವಣೆಗಳು ಮುಳುಗಿದಾಗ ಟ್ರ್ಯಾಕ್ಟರಿನಲ್ಲಿ ಜನ ಓಡಾಡಿದರಲ್ಲ, ಅಂಥ ಹಾನಿ.

ಈ ಹಂತದ ಮೂರು ದೊಡ್ಡ ತಪ್ಪುಗಳಿವೆ.

ಒಂದು, ಒಂದೇ ನೀರನ್ನು ಮೂರು ಸಲ ಎಣಿಸುವುದು. ಇಂಗಿದ ನೀರಿಗೆ ಒಂದು ಬೆಲೆ, ಅದೇ ನೀರು ಬೋರಿನಲ್ಲಿ ಬಂದಾಗ ಇನ್ನೊಂದು, ಅದರಿಂದ ಬೆಳೆದ ಟೊಮೆಟೊಗೆ ಮತ್ತೊಂದು. ಕೊನೆಯ ಒಂದನ್ನೇ ಹಿಡಿಯಿರಿ. ಹಾಗೇ ಕೆರೆಯ ನೀರಿಗೆಲ್ಲ ಟ್ಯಾಂಕರ್ ರೇಟು ಹಾಕಬೇಡಿ. ಆವಿಯಾಗಿ ಹೋಗುವ ನೀರನ್ನು ಯಾರೂ ಕೊಳ್ಳುತ್ತಿರಲಿಲ್ಲ.

ಎರಡು, ಎರಡು ವರ್ಷಕ್ಕೆ ಎರಡು ರೇಟು ಹಾಕುವುದು. ಅಂದಿನ ಅಳತೆಗೂ ಇಂದಿನ ಅಳತೆಗೂ ಇಂದಿನ ಬೆಲೆಯನ್ನೇ ಹಾಕಿ. ಇಲ್ಲದಿದ್ದರೆ ಮೀನು ಅರ್ಧಕ್ಕೆ ಇಳಿದರೂ ಮೀನಿನ ದುಡ್ಡು ಏರಿದಂತೆ ಕಾಣುತ್ತದೆ. ಬೆಲೆಯ ಆಯ್ಕೆ ಎಷ್ಟು ಏರುಪೇರು ಮಾಡುತ್ತದೆ ಅನ್ನುವುದಕ್ಕೆ ದೊಡ್ಡ ಉದಾಹರಣೆ ಇದೆ. ರಾಬರ್ಟ್ ಕೊಸ್ಟಾಂಜಾ ಮತ್ತು ಸಂಗಡಿಗರು 1997ರಲ್ಲಿ ಇಡೀ ಭೂಮಿಯ ಪರಿಸರ ಸೇವೆಗೆ ವರ್ಷಕ್ಕೆ ಸರಾಸರಿ 33 ಲಕ್ಷ ಕೋಟಿ ಡಾಲರ್ ಎಂದು ಲೆಕ್ಕ ಹಾಕಿದರು. 2014ರಲ್ಲಿ ಮತ್ತೆ ನೋಡಿದಾಗ, 1997ರಿಂದ 2011ರವರೆಗೆ ನೆಲದ ಬಳಕೆ ಬದಲಾಗಿ ಆದ ನಷ್ಟ ವರ್ಷಕ್ಕೆ 4.3ರಿಂದ 20.2 ಲಕ್ಷ ಕೋಟಿ ಡಾಲರ್ ಅಂದರು. ಬದಲಾದ ನೆಲ ಒಂದೇ. ಹಳೆಯ ದರ ಹಾಕಿದರೆ 4.3, ಹೊಸ ದರ ಹಾಕಿದರೆ 20.2.

ಮೂರು, ಬೇರೆಲ್ಲೋ ಮಾಡಿದ "ಹೆಕ್ಟೇರಿಗೆ ಇಷ್ಟು" ಎಂಬ ಪಟ್ಟಿಯನ್ನು ಸುಮ್ನೆ ನಕಲು ಮಾಡುವುದು. ನಾನು ಮೇಲೆ ಕೊಟ್ಟ 10,435 ರೂಪಾಯಿಯನ್ನೂ ನಿಮ್ಮ ಕೆರೆಗೆ ಅಂಟಿಸಬೇಡಿ. ಕಾಡು ಕಡಿದಾಗ ಕಟ್ಟಿಸಿಕೊಳ್ಳುವ ನಿವ್ವಳ ಪ್ರಸ್ತುತ ಮೌಲ್ಯವೂ ಅಷ್ಟೇ. ಕಾಡು ಮುಂದಿನ ವರ್ಷಗಳಲ್ಲಿ ಕೊಡಬಹುದಾಗಿದ್ದ ಎಲ್ಲವನ್ನೂ ಕೂಡಿ ಇವತ್ತಿನ ಒಂದೇ ಮೊತ್ತಕ್ಕೆ ಇಳಿಸುವ ಲೆಕ್ಕ ಅದು. 2008ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ದರ ಕಾಡಿನ ಬಗೆ ನೋಡಿ ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿ ಇತ್ತು, 2022ರಲ್ಲಿ ಏರಿಸಿದರು. ಅದು ಕಾಡಿಗೆ ಮಾಡಿದ ದರ, ಗೋಮಾಳಕ್ಕೂ ಕೆರೆಗೂ ಹೊಂದುವುದಿಲ್ಲ.

ಹಂತ 7: ಬೆಲೆ ಹಾಕಲಾಗದ್ದಕ್ಕೆ ಬೇರೆ ಪುಟ

ಗಂಗೆ ಪೂಜೆಗೆ ರೇಟು ಹಾಕಲು ಹೋಗಬೇಡಿ. ಹಾಕಿದರೆ ಯಾರೋ ಒಬ್ಬರು ಆ ದುಡ್ಡು ಕೊಟ್ಟು ಮುಗಿಸೋಣ ಅಂತಾರೆ. ಆ ಪುಟದಲ್ಲಿ ಯಾವ ವರ್ಷದಿಂದ ತೆಪ್ಪೋತ್ಸವ ನಿಂತಿತು, ಯಾವ ಹಕ್ಕಿ ಬರುವುದು ಬಿಟ್ಟಿತು ಅಂತ ಇದ್ದದ್ದು ಇದ್ದ ಹಾಗೆ ಬರೆಯಿರಿ. ಇದು ಕೆಲಸಕ್ಕೆ ಬರುವ ಪುಟ. ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೆರೆ ಎರಡೂ ಜನ ಕಟ್ಟಿದ ಊರ ಕೆರೆಗಳು. ಹಕ್ಕಿಗಳ ದೆಸೆಯಿಂದ 2024ರಲ್ಲಿ ಅವು ರಾಮ್ಸಾರ್ ತಾಣಗಳಾದವು, ಅಂದರೆ ಜಗತ್ತಿನ ಮಹತ್ವದ ಜೌಗು ನೆಲಗಳ ಪಟ್ಟಿಗೆ ಸೇರಿದವು. ಮಾಗಡಿಗೆ ಚಳಿಗಾಲದಲ್ಲಿ ಮಧ್ಯ ಏಷ್ಯಾ ಕಡೆಯಿಂದ ಬರುವ ಪಟ್ಟೆತಲೆ ಹೆಬ್ಬಾತುಗಳು ಸುತ್ತಲಿನ ಹೊಲಕ್ಕೂ ಇಳಿದು ಮೇಯುತ್ತವೆ. ಬೆಳೆಗೆ ಆಗುವ ನಷ್ಟ ಇದ್ದರೆ ಅದನ್ನೂ ಮುಚ್ಚಿಡಬೇಡಿ.

ಹಂತ 8: ಒಂದು ಹಾಳೆಗೆ ಇಳಿಸಿ

ಐದು ಕಾಲಂ: ಸೇವೆ, ಅಂದಿನ ಅಳತೆ, ಇಂದಿನ ಅಳತೆ, ಇಂದಿನ ಬೆಲೆಯಲ್ಲಿ ವರ್ಷದ ವ್ಯತ್ಯಾಸ, ಯಾರಿಗೆ. ಕೊನೆಗೆ ಒಟ್ಟು ಮೊತ್ತ ಹಾಕಿ, ಆದರೆ ಒಟ್ಟು ಮೊತ್ತವನ್ನು ಮಾತ್ರ ಓದಬೇಡಿ. ಲೇಔಟಿನಿಂದ ಲಾಭ ಬಂದದ್ದು ಜಮೀನು ಮಾರಿದ ನಾಲ್ಕು ಮನೆಗೆ, ಮೇವು ಹೋದದ್ದು ಜಮೀನೇ ಇಲ್ಲದ ಕುರಿಯವರಿಗೆ ಆಗಿದ್ದರೆ ಒಟ್ಟು ಮೊತ್ತ ಅದನ್ನು ನುಂಗಿಬಿಡುತ್ತದೆ. ಒಂದೊಂದು ನಷ್ಟಕ್ಕೂ ಹಂತ 3ರ ಯಾವ ಬದಲಾವಣೆ ಕಾರಣ ಅಂತ ಬಾಣ ಎಳೆಯಿರಿ. ಬಾವಿ ಬತ್ತಿದ್ದಕ್ಕೆ ಲೇಔಟಿಗಿಂತ ನಮ್ಮದೇ ಬೋರುಗಳು ಜಾಸ್ತಿ ಕಾರಣ ಅಂತ ಗೊತ್ತಾದರೆ ಅದನ್ನೇ ಬರೆಯಬೇಕು. ಎದುರಿನವರು ಮೊದಲು ಕೆದಕುವುದೇ ಆ ಜಾಗ.

ಹಂತ 9: ಎಲ್ಲಿ ಕೊಡಬೇಕು

ಗ್ರಾಮಸಭೆಯಲ್ಲಿ ಓದಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ನಕಲು ತೆಗೆದುಕೊಳ್ಳಿ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಹಂತ 4 ಮತ್ತು 7ರ ಪಟ್ಟಿಯನ್ನು ಅವರ ದಾಖಲೆಗೆ ಸೇರಿಸಲು ಲಿಖಿತವಾಗಿ ಕೇಳಿ. ಒತ್ತುವರಿ ಕಂಡಿದ್ದರೆ ಅದಕ್ಕೆ ತಹಶೀಲ್ದಾರರಿಗೆ ಬೇರೆಯೇ ಅರ್ಜಿ ಕೊಡಿ, ಬೆಲೆಯ ಲೆಕ್ಕದ ಜೊತೆ ಸೇರಿಸಿದರೆ ಎರಡೂ ಮುಂದೆ ಹೋಗದೆ ನಿಂತುಬಿಡುತ್ತವೆ. ಹೂಳು ತೆಗೆಸಲು ಒಪ್ಪಿಗೆ ಸಿಕ್ಕಿದರೆ, ಚರಂಡಿ ಅಥವಾ ಕಾರ್ಖಾನೆ ನೀರು ಸೇರಿದ ಕೆರೆಯ ಮಣ್ಣನ್ನು ಪರೀಕ್ಷೆ ಮಾಡಿಸದೆ ಹೊಲಕ್ಕೆ ಹಾಕಬೇಡಿ, ಭಾರ ಲೋಹಗಳು ಇರಬಹುದು.

ಕೊನೆಯದಾಗಿ, ತೂಬಿನ ಕಲ್ಲಿನ ಮೇಲೆ ಬಣ್ಣದಲ್ಲಿ ಅಡಿ ಗುರುತು ಬರೆದಿಡಿ. ಮುಂದಿನ ವರ್ಷ ದೀಪಾವಳಿ ಹೊತ್ತಿಗೊಮ್ಮೆ, ಯುಗಾದಿಗೊಮ್ಮೆ ನೀರು ಎಷ್ಟನೇ ಗುರುತಿನಲ್ಲಿದೆ ಅಂತ ಅದೇ ನೋಟ್‌ಬುಕ್ಕಿನಲ್ಲಿ ಬರೆಯಿರಿ, ಆವತ್ತೇ ಆ ಹತ್ತು ಬಾವಿ-ಬೋರಿನ ನೀರಿನ ಮಟ್ಟವನ್ನೂ ಕೇಳಿಕೊಂಡು ಬನ್ನಿ.